ನೀಲವ್ವತ್ತಿಗೆ ಆದ ಸನ್ಮಾನ

ಹಳೆಯದನ್ನು ಕೆಡವಲು ಬರುವವರಿಗೆ ನಾನು ಅಷ್ಟಾಗಿ ಹೆದರುವುದಿಲ್ಲ. ಅವರು ಹಾರಿ, ಗುದ್ದಲಿ ಹಿಡಿದುಕೊಂಡು ಬರುತ್ತಾರೆ. ಓಣಿಯ ಮೂಲೆ ತಿರುಗುವಾಗಲೇ ಗುರುತು ಸಿಗುತ್ತದೆ. ಅಡ್ಡ ನಿಲ್ಲಬಹುದು, ಬಾಯಿ ಮಾಡಬಹುದು, ನಾಲ್ಕು ಮಂದಿ ಹಿರಿಯರನ್ನು ಕರೆತರಬಹುದು. ನನ್ನ ಎದೆ ನಡುಗುವುದು ಹಳೆಯದನ್ನು ಉಳಿಸಲು ಬರುವವರನ್ನು ಕಂಡಾಗ. ಅವರ ಕೈಯಲ್ಲಿ ಹಾರಿ ಇರುವುದಿಲ್ಲ, ಹಾರ ಇರುತ್ತದೆ. ಹಾರಿಯ ಮುಂದೆ ಎದೆಯೊಡ್ಡಿ ನಿಂತವರನ್ನು ನಾನು ಕಂಡಿದ್ದೇನೆ. ಹಾರದ ಮುಂದೆ ಕುತ್ತಿಗೆ ಬಗ್ಗಿಸದೆ ನಿಂತವರನ್ನು ಮಾತ್ರ ಆಗಿನ ನಮ್ಮ ಇಡೀ ವಿಜಾಪುರ ಜಿಲ್ಲೆಯಲ್ಲಿ ಕಾಣಲಿಲ್ಲ.

ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಬಾದಾಮಿಯಿಂದ ಹುನಗುಂದದ ತನಕ ಯಾವ ಊರಿಗೇ ಹೋಗಿ, ನಾಯಿ ಬೊಗಳಿತೆಂದು ಕಲ್ಲು ಎತ್ತಿಕೊಂಡರೆ ಅದರ ಒಂದು ಮಗ್ಗುಲಿಗೆ ಹೂಬಳ್ಳಿ ಕೊರೆದಿರುತ್ತದೆ. ಬೀಸಿ ಒಗೆದರೆ ಅದು ಹೋಗಿ ಗುಡಿಗೆ ಬಡಿಯುತ್ತದೆ. ಇಂಥ ಸೀಮೆಯಲ್ಲಿ, ಹುನಗುಂದದ ಒಂದು ಹೈಸ್ಕೂಲಿನಲ್ಲಿ, ನಾನು ಇತಿಹಾಸ ಕಲಿಸುತ್ತಿದ್ದೆ. ಮಾಸ್ತರರು ಕಡಿಮೆ ಬಿದ್ದ ವರ್ಷ ಡ್ರಿಲ್ಲನ್ನೂ ಕಲಿಸುತ್ತಿದ್ದೆ. ಇತಿಹಾಸದ ಮಾಸ್ತರ ಎಂದ ಮೇಲೆ ಚಾಲುಕ್ಯರ ಕಾಲದಲ್ಲಿ ಇವನು ಅಲ್ಲೇ ಎಲ್ಲೋ ಬಾಜೂಕೆ ನಿಂತಿದ್ದಿರಬೇಕು ಎಂಬುದು ಊರವರ ನಂಬಿಕೆ. ಹೀಗಾಗಿ ಹೊಲ ಹರಗುವಾಗ ಏನು ಸಿಕ್ಕರೂ ಅದು ನಮ್ಮ ಮನೆಯ ಕಟ್ಟೆಗೆ ಬರುತ್ತಿತ್ತು. "ಸರ, ಇದು ಎಷ್ಟ ಹಳೇದ್ರಿ?" ಎಂದು ಕೇಳುವರು. "ಭಾಳ ಹಳೇದು" ಎನ್ನುವೆ. ಧಾರವಾಡದಲ್ಲಿ ಓದುವಾಗ ಪರೀಕ್ಷೆಯನ್ನೂ ನಾನು ಹೆಚ್ಚುಕಡಿಮೆ ಇದೇ ಉತ್ತರದಿಂದ ಪಾಸು ಮಾಡಿದ್ದೆ. ಒಮ್ಮೆ ಒಬ್ಬ ರೈತ ಗಡಿಗೆಯ ಚೂರೊಂದನ್ನು ತಂದ. ಭಾಳ ಹಳೇದು ಎಂದೆ. ಅವನು ಅದನ್ನು ಒಯ್ದು ದೇವರ ಜಗಲಿಯ ಮೇಲೆ ಇಟ್ಟ. ಮುಂದಿನ ಸಂತೆಯಲ್ಲಿ ಅವನ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದಳು. "ಸರ, ಹ್ವಾದ ವರ್ಷ ಕುಂಬಾರನ ಕಡೆ ನಾನ ತಂದ ಗಡಿಗಿರಿ ಅದು. ಬುತ್ತಿ ಒಯ್ಯುವಾಗ ಹೊಲದಾಗ ಬಿದ್ದು ಒಡದಿತ್ತು. ಈಗ ನಮ್ಮ ಮನೀಯವರು ದಿನಾ ಅದಕ್ಕ ಊದಿನಕಡ್ಡಿ ಹಚ್ಚಾಕ ಹತ್ಯಾರ" ಎಂದಳು. ಅಂದಿನಿಂದ ಯಾರು ಏನು ತಂದರೂ, ಮೊದಲು ಹೆಂಡತಿಯನ್ನು ಕೇಳಿಕೊಂಡು ಬಾ ಎಂದು ಹೇಳಿ ಕಳಿಸುತ್ತಿದ್ದೆ.

ನಮ್ಮ ಅಪ್ಪನ ತಂಗಿ ನೀಲವ್ವ, ನನಗೆ ನೀಲವ್ವತ್ತಿ, ಇದ್ದದ್ದು ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಇನ್ನೊಂದು ಸಮಾರಂಭ ಆದೀತು. ಆ ಊರಲ್ಲಿ ಹಿಂದಿನವರು ಗುಡಿಗಳನ್ನು ಧಾರಾಳವಾಗಿ ಕಟ್ಟಿ, ಮನೆಗಳನ್ನು ಕಟ್ಟಲು ಮರೆತು ಹೋಗಿದ್ದರು. ಮುಂದೆ ಬಂದ ಜನ ಗುಡಿಗಳ ಒಳಗೇ ಸಂಸಾರ ಹೂಡಿದ್ದರು. ಅತ್ತಿಯ ಗಂಡನ ಮನೆತನ ತಲೆಮಾರುಗಳಿಂದ ಇದ್ದದ್ದು ಅಂಥ ಒಂದು ಗುಡಿಯಲ್ಲಿ. ಕಂಬದಿಂದ ಕಂಬಕ್ಕೆ ಮಣ್ಣಿನ ಗೋಡೆ ಎಬ್ಬಿಸಿ ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ ಮಾಡಿಕೊಂಡಿದ್ದರು. ದೇವರು ಎಂದೋ ಹೊರಟು ಹೋಗಿದ್ದ ಗರ್ಭಗುಡಿಯಲ್ಲಿ ಜೋಳದ ಚೀಲಗಳು ಇದ್ದವು. ಬಾಗಿಲ ಬದಿಯ ದ್ವಾರಪಾಲಕನ ಎತ್ತಿದ ಕೈಗೆ ರೊಟ್ಟಿಯ ಬುಟ್ಟಿ ತೂಗುತ್ತಿತ್ತು. ಬೆಕ್ಕಿಗೆ ನಿಲುಕದಂಥ ಎತ್ತರ ಆ ಮನೆಯಲ್ಲಿ ಅದೊಂದೇ. ಒಳಗೋಡೆಯ ಒಂದು ಗಂಡುಹೆಣ್ಣಿನ ಶಿಲ್ಪ ಸಂಸಾರಸ್ಥರ ಕಣ್ಣಿಗೆ ಬೀಳುವಂಥದ್ದಲ್ಲವೆಂದು ಅತ್ತಿಯ ಅತ್ತೆ ಅದಕ್ಕೆ ಸೆಗಣಿ ಮೆತ್ತಿ ಮಾನ ಕಾಪಾಡಿದ್ದಳು. ಖರೆ ಹೇಳಬೇಕೆಂದರೆ, ಅವರ ಒಲೆಯ ಹೊಗೆ ಆ ಗುಡಿಯ ಛತ್ತಿಗೆ ಮಾಡಿದ್ದನ್ನು ಯಾವ ಶತ್ರುಸೈನ್ಯವೂ ಮಾಡಿರಲಿಲ್ಲ. ಆದರೆ ಛತ್ತು ಸೋರಿದರೆ ಮಣ್ಣು ಹಾಕುತ್ತಿದ್ದವರೂ, ಗೋಪುರದಲ್ಲಿ ಆಲದ ಸಸಿ ಎದ್ದರೆ ಕಿತ್ತುಹಾಕುತ್ತಿದ್ದವರೂ ಅವರೇ. ಗಂಡ ತೀರಿದ ಮೇಲೆ ಅತ್ತಿ, ಒಂದು ಎಮ್ಮೆ, ಇಬ್ಬರೇ ಉಳಿದಿದ್ದರು. ಕ್ಯಾಮೆರಾ ಹೊತ್ತ ಪರದೇಶದವರು ಹೇಳದೆ ಕೇಳದೆ ಒಳಗೆ ಬರುತ್ತಿದ್ದರು. "ಫೋಟೋ ತಗೀತೀ? ತಗಿ. ಮೊದಲ ಈ ಚೀಲ ಒಳಗ ಇಟ್ಟು ತಗಿ" ಎನ್ನುತ್ತಿದ್ದಳು ಅತ್ತಿ. ಅವರಿಗೆ ಅದು ಹೇಗೆ ತಿಳಿಯುತ್ತಿತ್ತೋ, ಚೀಲವಂತೂ ಒಳಗೆ ಹೋಗುತ್ತಿತ್ತು.

ಹೀಗೆ ಇದ್ದವಳ ಬಾಳಿನಲ್ಲಿ ಬಾಗಲಕೋಟೆಯ ಮಹಾಂತಪ್ಪ ಸಾಹುಕಾರರು ಬಂದರು. ಅರಳೆ ವ್ಯಾಪಾರದಲ್ಲಿ ಮೇಲೆ ಬಂದವರು. ಚುನಾವಣೆಗೆ ನಿಲ್ಲುವ ಮನಸ್ಸು. ನಿಲ್ಲುವ ಮೊದಲು ನಾಲ್ಕು ಮಂದಿಗೆ ಕಾಣುವ ಒಂದು ಜಾಗ ಬೇಕಾಗಿತ್ತು. ದವಾಖಾನೆ ಕಟ್ಟಿಸಿದರೆ ಡಾಕ್ಟರರ ಹೆಸರಾಗುತ್ತದೆ, ಸಾಲೆ ಕಟ್ಟಿಸಿದರೆ ಮಾಸ್ತರರ ಹೆಸರಾಗುತ್ತದೆ. ಚಾಲುಕ್ಯರಾದರೆ ಹೆಸರಿಗೆ ಪಾಲು ಕೇಳಲು ಬರುವುದಿಲ್ಲ. ಸಾಹುಕಾರರು 'ಪರಂಪರೆ ಉಳಿಸಿ' ಎಂದು ಒಂದು ಸಮಿತಿ ಮಾಡಿ, ನಮ್ಮ ಅತ್ತಿಯ ಊರಿನಲ್ಲಿ ಸ್ಮಾರಕ ಸಪ್ತಾಹ ನಡೆಸುವುದೆಂದು ಸಾರಿದರು. ಅಲ್ಲಿ ಇವನ ಅತ್ತಿ ಇದ್ದಾಳೆಂದು ಹೇಳಿ ನಮ್ಮ ಹೆಡ್ಮಾಸ್ತರರು ನನ್ನನ್ನು ಕೇಳದೆಯೇ ನನ್ನನ್ನು ಆ ಸಮಿತಿಗೆ ದಾನ ಮಾಡಿಬಿಟ್ಟರು.

ಮೊದಲ ಸಭೆ ಸಾಹುಕಾರರ ಬಂಗಲೆಯಲ್ಲಿ. ಗೇಟಿನ ಹತ್ತಿರ ಹೋದವನು ಅಲ್ಲೇ ನಿಂತೆ. ಗೇಟಿನ ಆಚೀಚೆ ಎರಡು ಕಲ್ಲಿನ ಕಂಬ; ನುಣ್ಣಗೆ ಕಡೆದ ಮೈ, ಬುಡದಲ್ಲಿ ಸಾಲು ಆನೆ. ಚಾಲುಕ್ಯರ ಕಾಲದ ಕಂಬವೆಂದು ಹೇಳಲು ಯಾರ ಹೆಂಡತಿಯನ್ನೂ ಕೇಳಬೇಕಾಗಿರಲಿಲ್ಲ. ಒಂದೊಂದರ ತಲೆಯ ಮೇಲೆ ಒಂದೊಂದು ಬಿಳಿ ಗಾಜಿನ ದೀಪದ ಗುಂಡು ಕೂಡಿಸಿದ್ದರು. ನಾನು ನೋಡುತ್ತಿರುವುದನ್ನು ಕಂಡು ಸಾಹುಕಾರರೇ ಬಂದು ಹೆಗಲ ಮೇಲೆ ಕೈ ಹಾಕಿದರು. "ನಿಮ್ಮ ಅತ್ತಿಯವರ ಊರಿಂದನ ನಮ್ಮ ತಂದಿಯವರು ತಂದದ್ದು ಮಾಸ್ತರ. ಹಾಳುಬಿದ್ದಿದ್ದುವು. ಯಾರರ ಕಳ್ಳರು ಒಯ್ದುಬಿಟ್ಟಾರಂತ ನಾವ ತಂದ್ವಿ. ಸಂರಕ್ಷಣಾ ಅನ್ನೂದು ನಮ್ಮ ಮನೆತನದ ರಕ್ತದಾಗ ಐತಿ ನೋಡ್ರಿ" ಎಂದರು. ಕಳ್ಳರು ಒಯ್ಯುವ ಮೊದಲೇ ಒಯ್ಯುವುದಕ್ಕೆ ಸಂರಕ್ಷಣೆ ಎಂಬ ಹೆಸರಿದೆ ಎಂದು ನನಗೆ ಆಗ ಗೊತ್ತಾಯಿತು. ಎಷ್ಟೋ ವರ್ಷ ಇತಿಹಾಸ ಕಲಿಸಿದ್ದೆ, ಯಾವ ಪಠ್ಯಪುಸ್ತಕದಲ್ಲೂ ಇದು ಇರಲಿಲ್ಲ.

ಸಭೆಯಲ್ಲಿ ಚುರುಮುರಿ, ಮಿರ್ಚಿಭಜಿ ತಿನ್ನುತ್ತ ಪರಂಪರೆಯ ಬಗ್ಗೆ ದೀರ್ಘ ಚರ್ಚೆ ಆಯಿತು. ಮಂತ್ರಿಗಳ ಬಲಕ್ಕೆ ಯಾರು ಕೂಡಬೇಕು, ಎಡಕ್ಕೆ ಯಾರು, ಹಾರ ಚೆಂಡುಹೂವಿನದೋ ಗುಲಾಬಿಯದೋ, ಬ್ಯಾಂಡು ಇಳಕಲ್ಲಿನದೋ ಬಾದಾಮಿಯದೋ. ಗುಡಿಯ ಬಗ್ಗೆ ಒಂದು ಸಲ ಮಾತು ಬಂತು. ಅದರ ಮುಂದೆ ಕಾರು ನಿಲ್ಲಿಸಲು ಜಾಗ ಇದೆಯೇ ಎಂದು ಒಬ್ಬರು ಕೇಳಿದರು. ಕೂತವರಲ್ಲಿ ಗುಡಿಯನ್ನು ನೋಡಿದವನು ನಾನೊಬ್ಬನೇ ಎಂಬುದು ಆಗಲೇ ಬಯಲಾದದ್ದು. ಕೊನೆಗೆ ಸಾಹುಕಾರರು ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು: ಇಷ್ಟು ವರ್ಷ ಗುಡಿಯಲ್ಲಿ ಇದ್ದು ಅದನ್ನು ಕಾಪಾಡಿದ ಒಬ್ಬ ತಾಯಿಗೆ ಮಂತ್ರಿಗಳ ಕೈಯಿಂದ ಸನ್ಮಾನ. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಬಿನ್ನವತ್ತಳೆ ಬರೆಯುವ ಕೆಲಸವೂ ನನ್ನ ಮೇಲೆಯೇ ಬಿತ್ತು.

ಆ ಭಾನುವಾರ ಬಸ್ಸು ಹಿಡಿದು ಅತ್ತಿಯ ಊರಿಗೆ ಹೋದೆ. ಅತ್ತಿ ಎಮ್ಮೆಯ ಮೈ ತೊಳೆಯುತ್ತಿದ್ದಳು.

"ಅತ್ತಿ, ನಿನಗ ಸನ್ಮಾನ ಮಾಡ್ತಾರಂತ."

"ಯಾರಿಗಿ? ಎಮ್ಮಿಗೇನು?"

"ನಿನಗ. ಗುಡಿ ಉಳಿಸೀ ಅಂತ."

"ನಾ ಎಲ್ಲಿ ಉಳಿಸೀನೋ ತಮ್ಮಾ? ನಾ ಇಲ್ಲೆ ಇದ್ದೇನಿ, ಅಷ್ಟ" ಎಂದಳು. ಆಮೇಲೆ ಕೈ ಒರೆಸಿಕೊಳ್ಳುತ್ತ, "ಸೀರಿ ಕೊಡ್ತಾರೇನು?" ಎಂದು ಕೇಳಿದಳು. ಕೊಡುತ್ತಾರೆ ಎಂದೆ. "ಹಂಗಾರ ಖರೇ ಇಳಕಲ್ ಸೀರಿ ಇರ್ಲಿ. ಟೋಪ ತೆನಿ ಸೆರಗು. ಕುಬಸದ ಖಣಾ ಗುಳೇದಗುಡ್ಡದ್ದು. ಅಲ್ಲೆ ಇಲ್ಲೆ ಸಿಗೂ ಜಾರಬಂಡಿ ಸೀರಿ ತಂದ್ರ ನಾ ಉಟಗೊಳ್ಳೂದಿಲ್ಲ ಅಂತ ಹೇಳು" ಎಂದಳು. ಚಹಾ ಕುಡಿಯುತ್ತ ಬಾಗಲಕೋಟೆಯ ಸುದ್ದಿಯನ್ನೆಲ್ಲ ಹೇಳಿದೆ, ಗೇಟಿನ ಕಂಬಗಳ ಸುದ್ದಿಯನ್ನೂ ಹೇಳಿದೆ. ಅತ್ತಿ ಚಹಾದ ಬಟ್ಟಲು ಕೆಳಗಿಟ್ಟು, "ನಮ್ಮ ಮಾವ ಹೇಳತಿದ್ದ. ಮುಂದಿನ ಪಡಸಾಲಿ ಕಂಬ ಎರಡು ಯಾವನೋ ಸಾಹುಕಾರ ಬಂಡ್ಯಾಗ ಹಾಕ್ಕೊಂಡು ಹ್ವಾದ, ಅದಕ್ಕ ಮಳಿ ನೀರು ಒಳಗ ಬರ್ತೈತಿ ಅಂತ" ಎಂದಳು. ಅಷ್ಟೇ ಎಂದು ನಾನು ತಿಳಿದೆ. ಸಂಬಂಧಿಕರ ಮನೆಯಲ್ಲಿ ಚಹಾದ ಜೊತೆ ಹೇಳಿದ್ದು ಚಹಾದ ಜೊತೆಯೇ ಇಳಿದು ಹೋಗುತ್ತದೆ ಎಂದು ನಂಬಿದವನು ನಾನು.

ಸಪ್ತಾಹದ ತಯಾರಿ ನೋಡಿದರೆ ಗುಡಿಗೆ ಇಂಥ ಕಷ್ಟ ಹಿಂದೆಂದೂ ಬಂದಿರಲಿಕ್ಕಿಲ್ಲ. ಮಂತ್ರಿಗಳ ಕಣ್ಣಿಗೆ ಚೊಕ್ಕಟ ಕಾಣಲೆಂದು ಕಟ್ಟೆಗೆಲ್ಲ ಸುಣ್ಣ ಬಳಿದರು. ಪೆಂಡಾಲಿನ ಗೂಟ ನೆಲದಲ್ಲಿ ಇಳಿಯಲಿಲ್ಲವೆಂದು ಹಾಸುಗಲ್ಲುಗಳ ಸಂದಿಯಲ್ಲಿ ಸುತ್ತಿಗೆಯಿಂದ ಜಡಿದರು. ಒಂದು ಕಲ್ಲು ಬಿರಿಯಿತು, ಮುಂದಿನದಕ್ಕೆ ಜಡಿದರು. ಹೊರಗೋಡೆಯ ಮೇಲೆ ಕೆಂಪು ಎಣ್ಣೆಬಣ್ಣದಲ್ಲಿ ದಪ್ಪ ಅಕ್ಷರದಿಂದ "ಸ್ಮಾರಕಗಳ ಮೇಲೆ ಬರೆಯುವುದು ಅಪರಾಧ" ಎಂದು ಬರೆಸಿದರು. ನಾನು ಸಾಹುಕಾರರ ಹತ್ತಿರ ಹೋಗಿ, "ಸಾಹುಕಾರ್ರ, ಅದನ್ನ ಗುಡಿ ಮ್ಯಾಲೆನ ಬರಸೀರಲ್ರಿ" ಎಂದೆ. ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿ, "ಮತ್ತ ಎಲ್ಲಿ ಬರಸಬೇಕು ಮಾಸ್ತರ? ಮಂದಿ ಬರಿಯೂದು ಗುಡಿ ಮ್ಯಾಲೆ, ಬ್ಯಾಡ ಅನ್ನೂದನ್ನ ನಮ್ಮ ಮನಿ ಮ್ಯಾಲೆ ಬರಸಲೇನು?" ಎಂದರು. ಅವರ ಮನೆಯ ಮೇಲೆ ಬರೆಸಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ, ಗೇಟಿಗಂತೂ ಸಲ್ಲುತ್ತಿತ್ತು. ಆದರೆ ಆ ಮಾತು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ನನ್ನ ಧೈರ್ಯದ ಮಾತುಗಳೆಲ್ಲ ಯಾವಾಗಲೂ ಊಟಕ್ಕೆ ಕೂತಾಗಲೇ ಬರುತ್ತವೆ. ಕೇಳುವವಳು ನನ್ನ ಹೆಂಡತಿ, ನಮ್ಮಾಕಿ, ಒಬ್ಬಳೇ.

ಸಪ್ತಾಹದ ಕೊನೆಯ ದಿನ ಸುತ್ತಲಿನ ಹಳ್ಳಿಯ ಮಂದಿಯೆಲ್ಲ ನೆರೆದಿತ್ತು. ಮಂತ್ರಿಗಳು ಬರುವುದು ತಡವಾದದ್ದರಿಂದ ಧಾರವಾಡದಿಂದ ಬಂದ ಒಬ್ಬ ವಿದ್ವಾಂಸರನ್ನು ಮಾತಾಡಲು ನಿಲ್ಲಿಸಿದರು. ಆ ಸಪ್ತಾಹದಲ್ಲಿ ಕೆಲಸದ ಮಾತು ಆಡಿದವರು ಅವರೊಬ್ಬರೇ. ಗೋಪುರದ ಸಂದಿಗಳಲ್ಲಿ ಬೇರು ಇಳಿದಿದೆ, ನೀರು ಒಳಗೆ ಜಿನುಗುತ್ತಿದೆ, ಒಳಗಿರುವ ಸಂಸಾರಗಳಿಗೆ ಮೊದಲು ನೆಲೆ ಮಾಡಿ ಆಮೇಲೆ ರಿಪೇರಿ ಹಿಡಿಯದಿದ್ದರೆ ಈ ಗುಡಿ... ಎನ್ನುವಷ್ಟರಲ್ಲಿ ದೂರದಲ್ಲಿ ಅಂಬಾಸಿಡರ್ ಕಾರುಗಳ ಧೂಳು ಎದ್ದಿತು. ಬ್ಯಾಂಡಿನವರು ಬಾರಿಸತೊಡಗಿದರು. ಯಾರೋ ಬಂದು ಅವರ ಮುಂದಿನ ಮೈಕನ್ನು ಎತ್ತಿಕೊಂಡೇ ಹೋದರು. ಆ ಮನುಷ್ಯ ಬಾಯಿ ತೆರೆದವರು ತೆರೆದಂತೆಯೇ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ಹೋದದ್ದನ್ನು ನಾನು ನೋಡಿದೆ. ಗುಡಿ ಏನಾಗುತ್ತದೆ ಎಂಬುದು ಅವರಿಗೂ ಗುಡಿಗೂ ಮಾತ್ರ ಗೊತ್ತು.

ಸನ್ಮಾನ ಶುರುವಾಯಿತು. ಅತ್ತಿಗೆ ಕೊಟ್ಟದ್ದು ನಾಯ್ಲಾನ್ ಸೀರೆ. ಇಳಕಲ್ಲಿನ ಮಗ್ಗದ ಸಪ್ಪಳ ಗಾಳಿ ಬೀಸಿದರೆ ಕೇಳುವಂಥ ದೂರದಲ್ಲಿ, ಪರಂಪರೆಯ ಹೆಸರಿನಲ್ಲಿ, ನಾಯ್ಲಾನ್ ಸೀರೆ! ಅತ್ತಿ ಅದನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ ಮಗ್ಗುಲಿಗೆ ಇಟ್ಟಳು. ನಾನು ಬರೆದ ಬಿನ್ನವತ್ತಳೆಯನ್ನು ಸಾಹುಕಾರರು ಕಣ್ಣಿಗೆ ಒತ್ತಿಕೊಂಡು ಓದಿದರು. ಇಂಥವುಗಳಲ್ಲಿ ಬರೆಯಲೇಬೇಕಾದ ಮಾತು ಎಂದು ನಾನು 'ತ್ಯಾಗಮಯಿ' ಎಂದೂ ಬರೆದಿದ್ದೆ. ಆ ಶಬ್ದ ಬಂದದ್ದೇ ತಡ, ಸಾಹುಕಾರರು ಓದುವುದನ್ನು ನಿಲ್ಲಿಸಿ, ಬಂಗಾರದ ಬಣ್ಣದ ಕಾಗದ ಸುತ್ತಿದ ಮೊಳದುದ್ದದ ಒಂದು ರಟ್ಟಿನ ಕೀಲಿಕೈಯನ್ನು ಅತ್ತಿಯ ಕೈಯಲ್ಲಿ ಇಟ್ಟರು. "ತ್ಯಾಗಮಯಿ ನೀಲವ್ವ ತಾಯಿಯವರು ತಮ್ಮ ಮನೆಯನ್ನು ಸ್ವಖುಷಿಯಿಂದ ನಾಡಿಗೆ ಬಿಟ್ಟುಕೊಟ್ಟು, ಅದರ ಕೀಲಿಕೈಯನ್ನು ಈಗ ಮಂತ್ರಿಗಳಿಗೆ ಒಪ್ಪಿಸುತ್ತಾರೆ!" ಎಂದು ಮೈಕಿನಲ್ಲಿ ಸಾರಿದರು. ಇದು ನನಗೂ ಮೊದಲೇ ಗೊತ್ತಿರಲಿಲ್ಲ. ಹೀಗೆಂದರೆ ಯಾರೂ ನಂಬುವುದಿಲ್ಲ, ನಮ್ಮಾಕಿ ಇವತ್ತಿಗೂ ನಂಬಿಲ್ಲ. ಆಮೇಲೆ ಕೇಳಿದಾಗ ಸಾಹುಕಾರರು, "ತ್ಯಾಗಮಯಿ ಅಂತ ನೀವ ಬರದೀರಿ. ಬರದ ಮ್ಯಾಲೆ ಏನರ ತ್ಯಾಗ ಮಾಡಸಬೇಕಲ್ರಿ?" ಎಂದರು.

ಅತ್ತಿ ಆ ಕೀಲಿಕೈಯನ್ನು ಹೊರಳಿಸಿ ನೋಡಿದಳು. ಮೈಕು ಅವಳ ಬಾಯಿಯ ಮುಂದೆಯೇ ಇತ್ತು.

"ಯಪ್ಪಾ, ಇದು ಯಾರ ಮನೀ ಕೀಲಿಕೈ? ನಮ್ಮ ಮನಿಗಿ ಕದಾನ ಇಲ್ಲ."

ಮಂದಿ ನಕ್ಕಿತು. ಮಂತ್ರಿಗಳೂ ನಕ್ಕು, "ಹೆಸರಿಗಷ್ಟ ತಾಯಿ ಅದು. ಕೊಡು ಇಲ್ಲೆ" ಎಂದು ಕೈ ಚಾಚಿದರು.

"ಕೊಟ್ಟರ ನಾ ಎಲ್ಲಿ ಇರ್ಲಿ?"

"ನೀ ಎಲ್ಲಿ ಅಂತೀ ಅಲ್ಲೆ ಇರಸ್ತೇವಿ. ಹೇಳು, ಎಲ್ಲಿ ಇರ್ತಿ?"

ಅತ್ತಿ ವೇದಿಕೆಯ ಮೇಲಿದ್ದವರನ್ನೆಲ್ಲ ಒಮ್ಮೆ ನೋಡಿ, ಸಾಹುಕಾರರ ಕಡೆ ಕೀಲಿಕೈ ತೋರಿಸಿದಳು. "ಇವರ ಮನ್ಯಾಗ ಇರ್ತೇನ್ರಿ. ನಮ್ಮ ಪಡಸಾಲಿ ಕಂಬ ಎರಡು ಎಂದೋ ಹೋಗಿ ಇವರ ಗೇಟಿನ್ಯಾಗ ನಿಂತಾವಂತ. ಕಂಬ ಹ್ವಾದಲ್ಲೆ ನಾನೂ ಹೋಗ್ತೇನಿ. ಸುಳ್ಳ ಅನಸಿದ್ರ ನಮ್ಮ ಅಳಿಯಾನ್ನ ಕೇಳ್ರಿ. ಅಕಾ, ಹಾರದ ಬುಟ್ಟಿ ಹಿಡಕೊಂಡು ನಿಂತಾನಲ್ಲ, ಅವ್ನ. ಕಣ್ಣಾರೆ ನೋಡಿ ಬಂದು ಹೇಳ್ಯಾನ."

ಹಿಂದಿನ ಸಾಲಿನಿಂದ ಸೀಟಿ ಬಿದ್ದವು. ಮಂತ್ರಿಗಳು ಸಾಹುಕಾರರನ್ನು ನೋಡಿದರು, ಸಾಹುಕಾರರು ನನ್ನನ್ನು ನೋಡಿದರು, ನಾನು ದ್ವಾರಪಾಲಕನನ್ನು ನೋಡಿದೆ. ಅವನು ಯಾರನ್ನೂ ನೋಡಲಿಲ್ಲ. ಮಂತ್ರಿಗಳಾದವರು ಸುಮ್ಮನೆ ಮಂತ್ರಿಗಳಾಗಿರುವುದಿಲ್ಲ. ಅವರು ಅತ್ತಿಯ ಮುಂದಿನ ಮೈಕು ತೆಗೆದುಕೊಂಡು, "ಮೊದಲ ತಾಯಿಗಿ ಮನಿ! ಆಮ್ಯಾಲೆ ಗುಡಿ!" ಎಂದು ಕೂಗಿದರು. ಪೆಂಡಾಲು ಹಾರಿಹೋಗುವಂಥ ಚಪ್ಪಾಳೆ. ಆ ಗದ್ದಲದಲ್ಲಿ ಅತ್ತಿಯ ಕೈಯೊಳಗಿನ ಕೀಲಿಕೈ ಮಂತ್ರಿಗಳ ಕೈಗೆ ಹೇಗೆ ಹೋಯಿತೋ ಯಾರೂ ನೋಡಲಿಲ್ಲ. ಫೋಟೋದವನು ಮಾತ್ರ ನೋಡಿದ್ದ. ಪೇಪರಿನಲ್ಲಿ ಆ ಚಿತ್ರವೇ ಬಂತು. ಅದರಲ್ಲಿ ಅತ್ತಿ ಬಾಯಿ ತೆರೆದಿದ್ದಾಳೆ, ಸಂತೋಷದಿಂದ ಎಂದು ಕೆಳಗೆ ಬರೆದಿತ್ತು.

ಮನೆಯ ಮಾತು ಆ ಚಪ್ಪಾಳೆಯಲ್ಲೇ ಮುಗಿಯಿತು. ಮರುದಿನವೇ ಸಾಹುಕಾರರು ನಮ್ಮ ಸಾಲೆಗೆ ಬಂದು, ಹೆಡ್ಮಾಸ್ತರರ ಮುಂದೆ ನಗುನಗುತ್ತಲೇ, "ಮಾಸ್ತರಿಗೆ ಇಂಡಿ ಕಡೆ ಹವಾ ಒಗ್ಗತೈತೋ ಏನೋ" ಎಂದು ಹೇಳಿ ಹೋದರು. ಅಂದರೆ ವರ್ಗ. ಜಿಲ್ಲೆಯ ಆ ತುದಿಯ ಇಂಡಿಯಲ್ಲಿ 'ಭಾಳ ಹಳೇದು' ಎನ್ನಲು ಏನೂ ಸಿಗುವುದಿಲ್ಲ. ಅಲ್ಲಿ ನಾನು ಏನು ಮಾಡಲಿ? ಅಂದಿನಿಂದ ಸಮಿತಿಯ ಯಾವ ಕೆಲಸಕ್ಕೂ ಒಲ್ಲೆ ಎನ್ನಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅಮಾವಾಸ್ಯೆಗೆಂದು ಅತ್ತಿ ಕೂಡಲಸಂಗಮಕ್ಕೆ ಹೋದಳು. ಹೊಳೆಯಲ್ಲಿ ಮಿಂದು, ದರ್ಶನ ಮಾಡಿಕೊಂಡು, ಪ್ರಸಾದ ಕಟ್ಟಿಕೊಂಡು ಸಂಜೆಗೆ ತಿರುಗಿ ಬಂದು ನೋಡುತ್ತಾಳೆ, ಮನೆ ಇಲ್ಲ. ಗುಡಿ ಇದೆ. ಸಮಿತಿಯವರು ಕಾಲೇಜಿನ ಹುಡುಗರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದು ಶ್ರಮದಾನ ಮಾಡಿ ಮಣ್ಣಿನ ಗೋಡೆಗಳನ್ನೆಲ್ಲ ಕೆಡವಿ ಹೊತ್ತು ಹಾಕಿದ್ದರು. ಬೇವಿನ ಗಿಡದ ಕೆಳಗೆ ಅವಳ ಗಂಗಾಳ, ಕೊಡ, ಬೀಸುಕಲ್ಲು, ಜೋಳದ ಚೀಲ ಸಾಲಾಗಿ ಇಟ್ಟಿದ್ದವು. ಎಮ್ಮೆಯನ್ನು ಗಿಡಕ್ಕೆ ಕಟ್ಟಿದ್ದರು. ಸುದ್ದಿ ತಿಳಿದು ನಾನು ಓಡಿಹೋದಾಗ ಅತ್ತಿ ಆ ಸಾಮಾನಿನ ನಡುವೆ ಕೂತಿದ್ದಳು. ಅಳುತ್ತಿರಲಿಲ್ಲ. ಬರಿದಾದ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ರೊಟ್ಟಿ ಎಲ್ಲಾ ತಿಂದು ಹೋಗ್ಯಾರೋ ತಮ್ಮಾ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ತಿನ್ಲಿ ಬಿಡು. ಮುಂಜಾನಿಂದ ಮಣ್ಣು ಹೊತ್ತಾರ ಪಾಪ" ಎಂದಳು.

ಒಳಗೆ ಒಲೆಯಿದ್ದ ಜಾಗದಲ್ಲಿ ಕರಿ ಗೋಡೆ ಒಂದೇ ಉಳಿದಿತ್ತು. ಅದರ ಮೇಲಿನ ಸೆಗಣಿಯ ಮೆತ್ತೆಯೂ ಉದುರಿ, ಆ ಗಂಡುಹೆಣ್ಣು ಎಷ್ಟೋ ವರ್ಷಗಳ ನಂತರ ಗಾಳಿ ಕುಡಿಯುತ್ತಿದ್ದರು. ಅತ್ತಿ ಆ ಕಡೆ ನೋಡದೆ ಎಮ್ಮೆಯ ಹಗ್ಗ ಬಿಚ್ಚಿದಳು.

ಹೀಗೆ ಅತ್ತಿಯೂ ಎಮ್ಮೆಯೂ ಹುನಗುಂದದ ನಮ್ಮ ಬಾಡಿಗೆ ಮನೆಗೆ ಬಂದರು. ಸಪ್ತಾಹದ ಭಾರ ಯಾರ ಮೇಲೆ ಬಿತ್ತೆಂದು ಕೇಳಿದರೆ ನಮ್ಮಾಕಿ ಸೆಗಣಿ ಬಳಿಯುತ್ತಲೇ ಉತ್ತರ ಹೇಳಿಯಾಳು. ಅತ್ತಿಗೆ ಮನೆ ಒಗ್ಗಲಿಲ್ಲ. "ಇದೇನು ಮನೀನೋ, ಒಂದು ಕಂಬಿಲ್ಲ. ಬೆನ್ನ ಎಲ್ಲಿ ಹಚ್ಚಿ ಕುಂಡ್ರಲಿ?" ಎನ್ನುವಳು. ತಗಡಿನ ಮೇಲೆ ಮಳೆ ಬಿದ್ದರೆ ಎದ್ದು ಕೂಡುವಳು. ಕಲ್ಲಿನ ಛತ್ತಿನ ಕೆಳಗೆ ಅವಳಿಗೆ ಮಳೆಯ ಸದ್ದೇ ಕೇಳಿರಲಿಲ್ಲ. "ಅತ್ತಿಯವರ, ನಿಮಗ ಸರಕಾರದ ಜನತಾ ಮನಿ ಬರ್ತೈತಂತ್ರಿ" ಎಂದು ನಮ್ಮಾಕಿ ಸಮಾಧಾನ ಹೇಳಿದರೆ, "ಬರ್ಲಿ ಯವ್ವಾ, ಅದಕ್ಕ ನಮ್ಮ ವಿಳಾಸ ಗೊತ್ತಿಲ್ಲ ಕಾಣತೈತಿ" ಎನ್ನುವಳು. ವರ್ಷ ಕಳೆದರೂ ಅದಕ್ಕೆ ವಿಳಾಸ ಸಿಗಲಿಲ್ಲ.

ಮರುವರ್ಷ ಮತ್ತೆ ಸಪ್ತಾಹ ಬಂತು. ಬಂದ ಅತಿಥಿಗಳಿಗೆ ಗುಡಿ ತೋರಿಸುವ ಕೆಲಸ ನನ್ನದು. ಅತ್ತಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಹೋಗಿ ನೋಡಿದರೆ ಗುಡಿಯ ಮುಂದೆ ಆ ಎರಡೂ ಕಂಬಗಳು ನಿಂತಿದ್ದವು. ಮಂತ್ರಿಗಳ ಮುಂದೆ ಮರ್ಯಾದೆ ಹೋದದ್ದನ್ನು ಸಾಹುಕಾರರು ಹೀಗೆ ಗಳಿಸಿಕೊಂಡಿದ್ದರು. ಒಂದೊಂದರ ಮೇಲೂ ಎಣ್ಣೆಬಣ್ಣದಲ್ಲಿ 'ಮಹಾಂತಪ್ಪ ಸಾಹುಕಾರರ ಕೊಡುಗೆ' ಎಂದು ಬರೆದಿತ್ತು. ಆ ವರ್ಷದ ಸನ್ಮಾನ ಅವರಿಗೇ. ಗುಡಿಗೆ ಸೇರಿದ್ದನ್ನು ಗುಡಿಗೇ ದಾನ ಮಾಡಿದ ದಾನಶೂರ ಎಂದು ಬಿನ್ನವತ್ತಳೆ ಬರೆದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಬೆಂಗಳೂರಿನಿಂದ ಬಂದ ಒಬ್ಬ ಅಧಿಕಾರಿಯ ಹೆಂಡತಿ ಎಲ್ಲವನ್ನೂ ಆಸಕ್ತಿಯಿಂದ ನೋಡುತ್ತ, ಕರಿ ಹಿಡಿದ ಗೋಡೆಯ ಹತ್ತಿರ ನಿಂತು, "ಇಲ್ಲಿ ಯಾರಾದರೂ ವಾಸವಾಗಿದ್ದರೇ?" ಎಂದು ಕೇಳಿದರು. ಪಕ್ಕದಲ್ಲಿ ಸಾಹುಕಾರರು ನಿಂತಿದ್ದರು. ಅವರ ಮುಖದಲ್ಲಿ ನನಗೆ ಇಂಡಿಯ ಬಸ್ ಸ್ಟ್ಯಾಂಡ್ ಸ್ಪಷ್ಟವಾಗಿ ಕಂಡಿತು. "ಅಂಥವರು ಯಾರೂ ಇರಲಿಲ್ಲ ಮೇಡಂ" ಎಂದೆ, ಪಠ್ಯಪುಸ್ತಕದ ಕನ್ನಡದಲ್ಲಿ. "ದನ ಕಟ್ಟುತ್ತಿದ್ದರು, ಅಷ್ಟೇ." ಸಾಹುಕಾರರು ಮೆಚ್ಚಿ ತಲೆ ಆಡಿಸಿದರು. ಹೊರಳಿ ನೋಡಿದರೆ ಅತ್ತಿ ಹಿಂದಿನ ಕಂಬಕ್ಕೆ ಬೆನ್ನು ಹಚ್ಚಿ ಕೂತಿದ್ದಳು.

ತಿರುಗಿ ಬರುವ ಬಸ್ಸಿನಲ್ಲಿ ಅರ್ಧ ದಾರಿಗೆ ಬಂದ ಮೇಲೆ ನಾನೇ, "ಅತ್ತಿ, ಸಾಹುಕಾರ ಬಾಜೂಕ ನಿಂತಿದ್ದ ನೋಡು, ಅದಕ್ಕ ಹಂಗ..." ಎಂದೆ.

"ಇರ್ಲಿ ಬಿಡೋ ತಮ್ಮಾ. ನೀ ಏನು ಸುಳ್ಳ ಹೇಳಿಲ್ಲ" ಎಂದಳು ಅತ್ತಿ, ಬಸ್ಸಿಗೆಲ್ಲ ಕೇಳುವ ಹಾಗೆ. "ದನಾ ಕಟ್ಟತಿದ್ವಿ, ಖರೆ ಐತಿ. ಬ್ಯಾಸಗಿ ಸೂಟಿ ಬಿಟ್ಟ ಕೂಡ್ಲೆ ಹುನಗುಂದದಿಂದ ಒಂದು ಹೋರಿಗರ ಬರತಿತ್ತು. ಹೊತ್ತಹೊತ್ತಿಗೆ ರೊಟ್ಟಿ ತಿಂತಿತ್ತು, ಗಟ್ಟಿ ಮೊಸರ ಕುಡೀತಿತ್ತು. ತಿಂದು ಕುಡದು ಕಂಬಕ್ಕ ಬೆನ್ನ ಹಚ್ಚಿ ಇತಿಹಾಸದ ಪುಸ್ತಕ ಬಾಯಿಪಾಠ ಮಾಡತಿತ್ತು. ಎಲ್ಲಾ ದನಾ ಕಟ್ಟಿದ್ನಿ, ಅದೊಂದನ್ನ ಕಟ್ಟೂದ ಮರತಿದ್ನಿ ನೋಡು."

ಮುಂದಿನ ಸೀಟಿನ ಹೆಣ್ಣುಮಗಳು ಕುತೂಹಲದಿಂದ ಹೊರಳಿ, "ಯವ್ವಾ, ಈಗ ಎಲ್ಲೈತಿ ಅದು?" ಎಂದು ಕೇಳಿದಳು.

ಅತ್ತಿ ನನ್ನ ಕಡೆ ಒಮ್ಮೆ ನೋಡಿ ಹೇಳಿದಳು: "ಹುನಗುಂದದಾಗ ಮಾಸ್ತರಕಿ ಮಾಡ್ತೈತಿ."